ಕೂಸು ಮಲಗಿತು, ಬಾಣಂತಿ ಮಲಗಿದಳಾ? ಚೊಚ್ಚಲ ತಾಯಂದಿರ ಒತ್ತಡ ಇಳಿಸುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ತಿಂಗಳು, ಜಮಖಂಡಿಯ ತವರುಮನೆ. ಮಗಳು ಹುಟ್ಟಿ ಹನ್ನೊಂದು ದಿನ ಆಗಿತ್ತು. ರಾತ್ರಿ ಎರಡು ಗಂಟೆಯಾದರೂ ಗೋಡೆಗಳು ಇನ್ನೂ ಬಿಸಿ. ಒಳಗೆ ಹೊರಸಿನ ಕೆಳಗೆ ಅಗ್ಗಿಷ್ಟಿಗೆ, ಕಿವಿಯಲ್ಲಿ ಅರಳೆ, ತಲೆಗೆ ಸ್ಕಾರ್ಫ್. ಕೂಸು ಅಳುತ್ತಿತ್ತು, ನಾನೂ ಅಳುತ್ತಿದ್ದೆ. ಯಾಕೆ ಅಂತ ನನಗೇ ಗೊತ್ತಿರಲಿಲ್ಲ. ಅವ್ವ ಎದ್ದು ಬಂದಳು. "ಯಾಕವ್ವಾ, ಏನಾತು? ಬಾಣಂತಿ ಹಿಂಗ ಅಳಬಾರದು" ಅಂದಳು. ಬಿಸಿನೀರು ಕೊಟ್ಟಳು, ಬೆನ್ನು ಸವರಿದಳು, ಕೂಸನ್ನು ಮತ್ತೆ ನನ್ನ ಮಡಿಲಿಗೇ ಹಾಕಿ ಮಲಗಲು ಹೋದಳು.

ಅವ್ವನ ಪ್ರೀತಿಗೆ ಹೆಸರಿಡುವ ಹಾಗಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ನೀರು ಕಾಯಿಸುತ್ತಿದ್ದಳು, ಎಣ್ಣೆ ಹಚ್ಚಿ ಎರೆಯುತ್ತಿದ್ದಳು, ಅಂಟಿನುಂಡಿ ಕಟ್ಟುತ್ತಿದ್ದಳು. ನಮ್ಮ ಕಡೆಯ ಬಾಣಂತನದಲ್ಲಿ ಮೈಗೆ ಬೇಕಾದದ್ದೆಲ್ಲ ಇದೆ. ಬಾಣಂತಿಯ ನಿದ್ದೆಯನ್ನು ಮಾತ್ರ ಯಾರೂ ವಹಿಸಿಕೊಳ್ಳುವುದಿಲ್ಲ. ನನ್ನ ಅನುಭವದಲ್ಲಿ ಮೊದಲ ಮೂರು ತಿಂಗಳ ಒತ್ತಡದಲ್ಲಿ ಅರ್ಧ ಅಲ್ಲಿಂದಲೇ ಬರುತ್ತದೆ. ಹಾಗಾಗಿ ಈ ಬರಹದಲ್ಲಿ ನಿದ್ದೆಯ ಮಾತು ಸ್ವಲ್ಪ ಜಾಸ್ತಿ ಬಂದರೆ ಬೇಸರ ಮಾಡ್ಕೋಬೇಡಿ.

ಇದು ಚೊಚ್ಚಲ ತಾಯಿಗೆ ಬರೆದದ್ದು. ಆದರೆ ಓದಲು ಆಕೆಗೆ ಪುರುಸೊತ್ತು ಇರುವುದಿಲ್ಲ. ಅವಳ ಗಂಡ, ಅಕ್ಕ, ವೈನಿ (ಅತ್ತಿಗೆ) ಯಾರಾದರೂ ಓದಿ, ಮಾಡಬೇಕಾದದ್ದನ್ನು ಮಾಡಿದರೂ ಸಾಕು.

ಮೊದಲು, ಇದು ಏನು?

ಗರ್ಭಿಣಿಯ ಮೈಯಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಎರಡು ಹಾರ್ಮೋನುಗಳು ತುಂಬಾ ಮೇಲಕ್ಕೆ ಏರಿರುತ್ತವೆ. ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಕೆಲವೇ ದಿನಗಳಲ್ಲಿ ಅವು ಸರ್ರನೆ ಇಳಿಯುತ್ತವೆ. ಅದರ ಮೇಲೆ ರಕ್ತ ಹೋಗಿರುತ್ತದೆ, ಹೊಲಿಗೆ ನೋಯುತ್ತಿರುತ್ತದೆ, ನಿದ್ದೆ ಚೂರುಚೂರಾಗಿರುತ್ತದೆ. ಮೂರನೇ ನಾಲ್ಕನೇ ದಿನಕ್ಕೆ ಅಳು ಬರುವುದು, ಸಿಟ್ಟು ಬರುವುದು, ಸುಮ್ನೆ ಕೂತಲ್ಲೇ ಎದೆ ಡವಡವ ಅನ್ನುವುದು ಶುರುವಾಗುತ್ತದೆ. ಡಾಕ್ಟರುಗಳು ಇದಕ್ಕೆ ಬೇಬಿ ಬ್ಲೂಸ್ ಅನ್ನುತ್ತಾರೆ. ಹೆತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಬರುತ್ತದೆ. ಎರಡು ವಾರದ ಒಳಗೆ ತಾನಾಗಿ ಇಳಿಯುತ್ತದೆ. ಇದಕ್ಕೆ ಔಷಧಿ ಬೇಡ. ನಿದ್ದೆ, ಊಟ, ಒಂದು ಒಳ್ಳೆಯ ಮಾತು ಸಾಕು.

ಎರಡು ವಾರ ದಾಟಿದರೂ ಮನಸ್ಸು ಏಳದಿದ್ದರೆ ಅದು ಬೇರೆ. ಪ್ರಸವದ ನಂತರದ ಖಿನ್ನತೆ ಇರಬಹುದು. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ನೂರು ತಾಯಂದಿರಲ್ಲಿ ಸುಮಾರು 22 ಮಂದಿಗೆ ಇದು ಕಾಡುತ್ತದೆ. ಅಂದರೆ ಐವರಲ್ಲಿ ಒಬ್ಬಳು. ನಿಮ್ಮ ಓಣಿಯಲ್ಲಿ ಈ ವರ್ಷ ಐದು ತೊಟ್ಟಿಲು ತೂಗಿದ್ದರೆ ಲೆಕ್ಕ ಹಾಕಿ ನೋಡಿ.

ಮೂರನೆಯದು ಬಾಣಂತಿ ಸನ್ನಿ. ಅದು ಅಪರೂಪ, ಸಾವಿರಕ್ಕೆ ಒಬ್ಬರು ಇಬ್ಬರಿಗೆ. ಅದರ ಮಾತು ಮುಂದೆ ಬರುತ್ತದೆ.

ಹಂತ 1: ಕುಬಸ (ಸೀಮಂತ) ಮುಗಿದ ವಾರವೇ ಕೂತು ಮಾತಾಡಿ

ಕುಬಸಕ್ಕೆ ನಾವು ಎಷ್ಟು ತಯಾರಿ ಮಾಡುತ್ತೇವೆ! ಹಸಿರು ಸೀರೆ, ಬಳೆ, ಬುತ್ತಿ, ಫೋಟೋ. ಸೀಗಿ ಹುಣ್ಣಿಮೆಗೆ ಹೊಲದ ಪೈರಿಗೂ ಬಯಕೆ ತೀರಿಸಿ, ಚರಗ ಚೆಲ್ಲಿ ಬರುವ ಜನ ನಾವು. ಬಸಿರಿನ ಮರ್ಯಾದೆ ನಮಗೆ ಚೆನ್ನಾಗಿ ಗೊತ್ತು. ಹೆರಿಗೆಯಾದ ಮಾರನೇ ದಿನದಿಂದ ಎಲ್ಲರ ಕಣ್ಣೂ ಕೂಸಿನ ಮೇಲೆ ಹೋಗುತ್ತದೆ. ಅದಕ್ಕೇ ಏಳನೇ ತಿಂಗಳಲ್ಲೇ, ಇನ್ನೂ ಎಲ್ಲರೂ ನಿಮ್ಮ ಮಾತು ಕೇಳುತ್ತಿರುವಾಗಲೇ, ಕೆಲವು ಸಂಗತಿ ತೀರ್ಮಾನ ಮಾಡಿ.

ಮೊದಲನೆಯದು ರಾತ್ರಿ ಪಾಳಿ ಯಾರದು ಅನ್ನುವುದು. ಅವ್ವ ಒಬ್ಬಳೇ ಹಗಲೂ ರಾತ್ರಿಯೂ ಮಾಡಲಾರಳು. ಅವ್ವನಿಗೆ ಬಿಪಿ, ಸಕ್ಕರೆ ಇದ್ದರಂತೂ ಕೇಳಲೇಬೇಡಿ. ತಂಗಿ, ವೈನಿ, ಚಿಕ್ಕವ್ವ ಯಾರು ಯಾವ ವಾರ ಬರುತ್ತಾರೆ ಅಂತ ಕೇಳಿ, ಬರೆದಿಡಿ. ಬಾಯಿಮಾತಿನಲ್ಲಿ ಎಲ್ಲರೂ "ನಾ ಬರ್ತೀನಿ ಬಿಡು" ಅನ್ನುತ್ತಾರೆ. ತಾರೀಖು ಹಾಕಿದಾಗಲೇ ಗೊತ್ತಾಗುವುದು.

ಎರಡನೆಯದು ಗಂಡ ಎಷ್ಟು ದಿನ ರಜೆ ತಗೊಳ್ಳುತ್ತಾನೆ, ಯಾವಾಗ ತಗೊಳ್ಳುತ್ತಾನೆ ಅನ್ನುವುದು. ಬಹಳ ಮಂದಿ ಇರುವ ರಜೆಯನ್ನೆಲ್ಲ ತೊಟ್ಟಿಲ ಕಾರ್ಯಕ್ಕೆ ಇಟ್ಟುಕೊಳ್ಳುತ್ತಾರೆ. ಕಾರ್ಯಕ್ಕೆ ಒಂದು ದಿನ ಸಾಕು. ಉಳಿದದ್ದು ಮೊದಲ ಎರಡು ವಾರಕ್ಕೆ ಇರಲಿ.

ಹಣ, ಕಾಗದದ ಕೆಲಸವನ್ನೂ ಈಗಲೇ ಮುಗಿಸಿ. ತಾಯಿ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಂದೇ ಚೀಲದಲ್ಲಿರಲಿ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಹೆರಿಗೆಗೆ 5,000 ರೂಪಾಯಿ ಕಂತಿನಲ್ಲಿ ಬರುತ್ತದೆ. ಯಾರು ಅರ್ಹರು, ಏನು ಕಾಗದ ಬೇಕು ಅಂತ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ. ಹಸಿ ಬಾಣಂತಿಯನ್ನು ಸಹಿಗೆ, ಹೆಬ್ಬೆಟ್ಟಿಗೆ ಅಂತ ಬ್ಯಾಂಕಿಗೆ ಅಲೆದಾಡಿಸುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನಿಮ್ಮ ತವರೂರಿನ ಆಶಾ ಕಾರ್ಯಕರ್ತೆಯ ನಂಬರು ಇಟ್ಟುಕೊಳ್ಳಿ. ನೀವು ಹೆಸರು ಬರೆಸಿದ್ದು ಗಂಡನ ಊರಲ್ಲಿ, ಬಾಣಂತನ ತವರಲ್ಲಿ ಆದರೆ ಎರಡೂ ಕಡೆಯವರಿಗೆ ತಿಳಿಸಿ. ಇಲ್ಲದಿದ್ದರೆ ಎರಡರ ನಡುವೆ ನೀವು ಕಳೆದುಹೋಗುತ್ತೀರಿ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ 3, 7, 14, 21, 28, 42ನೇ ದಿನಗಳಲ್ಲಿ ಬರಬೇಕು ಅಂತ ನಿಯಮವಿದೆ. ಬಂದಾಗ ಕೂಸಿನ ತೂಕ ನೋಡಿ ಕಳಿಸಿಬಿಡಬೇಡಿ. "ಅಕ್ಕಾ, ನನಗ ನಿದ್ದಿ ಬರವಲ್ದು, ಅಳೂನ ಬರ್ತೈತಿ" ಅಂತ ಹೇಳಿ. ಮನೆಯವರ ಮುಂದೆ ಹೇಳಲು ಆಗದಿದ್ದರೆ ಬಾಗಿಲ ತನಕ ಕಳಿಸುವ ನೆಪದಲ್ಲಿ ಹೇಳಿ.

ಹಂತ 2: ಹಾಲಿನ ಚಿಂತೆಯನ್ನು ಲೆಕ್ಕದಿಂದ ಕಳೆಯಿರಿ

ಮೊದಲ ವಾರ ತಲೆ ತಿನ್ನುವುದು ಇದೊಂದೇ. "ಹಾಲು ಸಾಲ್ತಾವೇನು?" ನೋಡಲು ಬಂದ ಪ್ರತಿಯೊಬ್ಬರೂ ಕೇಳುತ್ತಾರೆ. ಕೂಸು ಅತ್ತರೆ ಸಾಕು, "ಹೊಟ್ಟಿ ತುಂಬಿಲ್ಲ ಅದಕ್ಕ" ಅಂತ ತೀರ್ಪು ಬರುತ್ತದೆ.

ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ ಗಟ್ಟಿ ಹಾಲು. ಅಷ್ಟೇ ಅಷ್ಟು ಬರುತ್ತದೆ. ಆಗ ಕೂಸಿನ ಹೊಟ್ಟೆಯೂ ಅಷ್ಟೇ ಇರುತ್ತದೆ. ಅದನ್ನು ಹಿಂಡಿ ಚೆಲ್ಲಬೇಡಿ, ಬದಲಿಗೆ ಜೇನುತುಪ್ಪ, ಸಕ್ಕರೆ ನೀರು ಕೊಡಬೇಡಿ. ಸಿಜೇರಿಯನ್ ಆದವರಿಗೆ ಹಾಲು ಇಳಿಯಲು ಒಂದೆರಡು ದಿನ ತಡವಾಗುವುದುಂಟು. ಮೊದಲ ವಾರದಲ್ಲಿ ಕೂಸಿನ ತೂಕ ಸ್ವಲ್ಪ ಇಳಿಯುವುದೂ ಸಹಜ. ಹತ್ತರಿಂದ ಹದಿನಾಲ್ಕು ದಿನಕ್ಕೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತದೆ.

ಹಾಲು ಸಾಲುತ್ತದೋ ಇಲ್ಲವೋ ನೋಡಲು ಓಣಿಯ ಅಭಿಪ್ರಾಯ ಬೇಡ, ಕೂಸಿನ ಬಟ್ಟೆ ನೋಡಿ. ಐದು ದಿನ ಆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಅಷ್ಟೇ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುವುದು ಈ ವಯಸ್ಸಿನ ಕೂಸಿನ ರೂಢಿ. ಒಂದು ತಾಸಿಗೇ ಮತ್ತೆ ಕೇಳಿತು ಅಂದರೆ ನಿಮ್ಮ ಹಾಲು ನೀರಾಗಿದೆ ಅಂತ ಅರ್ಥವಲ್ಲ.

ಕುಡಿಸುವಾಗ ಹಲ್ಲು ಕಚ್ಚಿಕೊಳ್ಳುವಷ್ಟು ನೋವಾದರೆ ಮಾತ್ರ ತಡೆದುಕೊಂಡು ಕೂರಬೇಡಿ. ಕೂಸು ಬರೀ ತೊಟ್ಟು ಹಿಡಿದಿರುತ್ತದೆ. ಬಾಯಿ ದೊಡ್ಡದಾಗಿ ತೆರೆಸಿ, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುವ ಹಾಗೆ ಹಿಡಿಸಬೇಕು. ಆಸ್ಪತ್ರೆಯ ನರ್ಸ್ ಒಂದು ಸಲ ತೋರಿಸಿದರೆ ಸಾಕು. ನನಗೆ ತೋರಿಸಿದ್ದು ಒಂಬತ್ತನೇ ದಿನ, ಅದೂ ಪಕ್ಕದ ಮನೆಯ ಅಜ್ಜಿ. ಅಷ್ಟರಲ್ಲಿ ಎರಡೂ ಕಡೆ ಸೀಳಿತ್ತು. ಎದೆ ಕೆಂಪಾಗಿ, ಗಟ್ಟಿಯಾಗಿ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ. ಹಾಲು ಕುಡಿಸುವುದನ್ನು ನಿಲ್ಲಿಸಬೇಡಿ.

ಎಲ್ಲ ಮಾಡಿದರೂ ಕೆಲವರಿಗೆ ಹಾಲು ಕಡಿಮೆಯೇ ಇರುತ್ತದೆ. ಡಾಕ್ಟರು ಹೇಳಿ ಪುಡಿ ಹಾಲು ಕೊಡಬೇಕಾಗಿ ಬಂದರೆ ಕೊಡಿ. ಅದಕ್ಕಾಗಿ ಕಣ್ಣೀರು ಹಾಕಬೇಡಿ.

ಹಂತ 3: ರಾತ್ರಿಯನ್ನು ಹಂಚಿಕೊಳ್ಳಿ

ಹಸುಗೂಸು ದಿನಕ್ಕೆ ಹದಿನಾರು ತಾಸಿನ ಹತ್ತಿರ ಮಲಗುತ್ತದೆ. ಆದರೆ ಎರಡು ಮೂರು ತಾಸಿನ ತುಂಡುಗಳಲ್ಲಿ. ಅದಕ್ಕೆ ಹಗಲು ರಾತ್ರಿ ಗೊತ್ತಿಲ್ಲ. "ಕೂಸು ಮಲಗಿದಾಗ ನೀನೂ ಮಲಗು" ಅಂತ ಎಲ್ಲರೂ ಹೇಳುತ್ತಾರೆ. ಹಗಲು ಕೂಸು ಮಲಗಿದಾಗ ಎರೆಯುವುದು, ಕಾಸುವುದು, ಉಣ್ಣುವುದು, ನೋಡಲು ಬಂದವರಿಗೆ ಮುಖ ತೋರಿಸುವುದು ನಡೆದಿರುತ್ತದೆ. ಮಲಗುವುದು ಯಾವಾಗ?

ಬಾಣಂತಿಗೆ ದಿನಕ್ಕೆ ಒಂದು ಸಲವಾದರೂ ನಾಲ್ಕೈದು ತಾಸು ಒಂದೇ ಸಮನೆ ನಿದ್ದೆ ಬೇಕು. ತುಂಡು ತುಂಡಾಗಿ ಎಂಟು ತಾಸು ಮಲಗಿದ್ದಕ್ಕಿಂತ ಇದು ಮೇಲು. ಇದನ್ನು ಸಾಧಿಸಲು ನಮ್ಮ ಮನೆಯಲ್ಲಿ, ತಂಗಿಯ ಬಾಣಂತನದಲ್ಲಿ ಮಾಡಿದ ಪಾಳಿ ಹೀಗಿತ್ತು.

ರಾತ್ರಿ ಎಂಟೂವರೆಗೆ ತಂಗಿ ಕೂಸಿಗೆ ಹೊಟ್ಟೆ ತುಂಬ ಕುಡಿಸುತ್ತಿದ್ದಳು. ಒಂಬತ್ತಕ್ಕೆ ಅವಳು ಬೇರೆ ಕೋಣೆಗೆ ಹೋಗಿ ಮಲಗುತ್ತಿದ್ದಳು. ಬೇರೆ ಕೋಣೆ ಮುಖ್ಯ. ಅದೇ ಕೋಣೆಯಲ್ಲಿದ್ದರೆ ಕೂಸು ಕುಂಯ್ ಅಂದರೂ ತಾಯಿಗೆ ಎಚ್ಚರವಾಗುತ್ತದೆ. ಒಂಬತ್ತರಿಂದ ಒಂದೂವರೆ ತನಕ ನನ್ನ ಪಾಳಿ. ನಡುವೆ ಕೂಸು ಎದ್ದರೆ ಮೊದಲೇ ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ, ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸುತ್ತಿದ್ದೆ. ಒಂದೂವರೆಗೆ ತಂಗಿ ಎದ್ದು ಕುಡಿಸುತ್ತಿದ್ದಳು. ಅಲ್ಲಿಂದ ಬೆಳಗಿನ ತನಕ ಅವಳದು, ಬೇಕಾದರೆ ಅವ್ವ ಜೊತೆಗೆ.

ಹಾಲು ಹಿಂಡುವುದು ಮೊದಲ ವಾರದಲ್ಲೇ ಬೇಡ. ಮೂರ್ನಾಲ್ಕು ವಾರ ಕಳೆದು ಹಾಲು ಹದಕ್ಕೆ ಬಂದ ಮೇಲೆ ಶುರು ಮಾಡಿ. ಅಲ್ಲಿಯ ತನಕ ಕೂಸು ಎದ್ದಾಗ ಯಾರಾದರೂ ಎತ್ತಿ ತಂದು ಕೊಡಬೇಕು, ಕುಡಿದ ಕೂಡಲೇ ಎತ್ತಿಕೊಂಡು ಹೋಗಬೇಕು. ತಾಯಿ ಬರೀ ಕುಡಿಸಬೇಕು, ಮತ್ತೆ ಮಲಗಬೇಕು. ಹಾಗೆ ಮಾಡಿದರೂ ಪ್ರತಿ ಸಲ ಅರ್ಧ ತಾಸು ಉಳಿಯುತ್ತದೆ. ಒಂದು ಮಾತು: ಹಿಂಡಿದ ಹಾಲು 25 ಡಿಗ್ರಿ ತಂಪಿರುವ ಕೋಣೆಯಲ್ಲಿ ನಾಲ್ಕು ತಾಸು ಇರುತ್ತದೆ ಅನ್ನುವುದು ಪುಸ್ತಕದ ಲೆಕ್ಕ. ವಿಜಯಪುರದ ಬೇಸಿಗೆಯಲ್ಲಿ 25 ಡಿಗ್ರಿ ಎಲ್ಲಿಂದ ಬರಬೇಕು? ಹಿಂಡಿದ ಕೂಡಲೇ ಫ್ರಿಜ್ಜಿಗೆ ಹಾಕಿ. ಫ್ರಿಜ್ಜು ಇಲ್ಲದಿದ್ದರೆ ಹಿಂಡಿಡುವ ಗೊಡವೆ ಬೇಡ, ಎತ್ತಿ ತಂದು ಕೊಡುವ ಪದ್ಧತಿಯನ್ನೇ ಮುಂದುವರಿಸಿ.

ಕೂಸನ್ನು ಬೆನ್ನ ಮೇಲೆ ಅಂಗಾತ ಮಲಗಿಸಿ. ಮುಖದ ಹತ್ತಿರ ದಿಂಬು, ದಪ್ಪ ಕೌದಿ ಬೇಡ. ತೂಕಡಿಸುತ್ತಾ ಕುರ್ಚಿಯಲ್ಲಿ, ಸೋಫಾದಲ್ಲಿ ಕೂತು ಕುಡಿಸುವುದು ಅಪಾಯ.

"ನಾವೇನು ಹಡದಿಲ್ಲೇನು? ನಮಗ ಯಾರು ಪಾಳಿ ಮಾಡ್ಯಾರ?" ಈ ಮಾತು ಬಂದೇ ಬರುತ್ತದೆ. ನಮ್ಮ ದೊಡ್ಡವ್ವ ಅಂದಿದ್ದಳು. ನಾನು ಜಗಳಕ್ಕೆ ಹೋಗಲಿಲ್ಲ. "ಹೌದು ದೊಡ್ಡವ್ವಾ, ಆವಾಗ ನಿನಗ ಹೆಂಗ ಅನಸ್ತಿತ್ತು?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಚೊಚ್ಚಲ ಮಗ ಹುಟ್ಟಿದಾಗ ಹಿತ್ತಲ ಬಾವಿ ಕಡೆ ನೋಡಲು ಹೆದರಿಕೆ ಆಗುತ್ತಿತ್ತು ಅಂದಳು. ನಲವತ್ತು ವರ್ಷದಲ್ಲಿ ಆ ಮಾತನ್ನು ಯಾರಿಗೂ ಹೇಳಿರಲಿಲ್ಲವಂತೆ.

ಹಂತ 4: ಕೋಣೆಗೆ ಗಾಳಿ ಬರಲಿ, ಗಂಟಲಿಗೆ ನೀರು ಇಳಿಯಲಿ

ಬಾಣಂತನದ ಪದ್ಧತಿಯನ್ನೆಲ್ಲ ಬಿಡಿ ಅಂತ ನಾನು ಹೇಳುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕಿಸಿಕೊಂಡು ಬಿಸಿನೀರು ಎರೆಸಿಕೊಂಡ ಆ ಒಂದು ತಾಸು ನನ್ನ ದಿನದ ಒಳ್ಳೆಯ ಹೊತ್ತು. ಸಿಜೇರಿಯನ್ ಆಗಿದ್ದರೆ ಹೊಟ್ಟೆಯ ಹೊಲಿಗೆ ಮೇಲೆ ಮಾತ್ರ ತಿಕ್ಕಿಸಬೇಡಿ. ಅಳವಿ ಉಂಡಿ, ಸಬ್ಬಸಿಗೆ ಪಲ್ಯ, ಬಿಸಿ ರೊಟ್ಟಿ, ತುಪ್ಪ ಎಲ್ಲ ಇರಲಿ. ಕೆಲವನ್ನು ಮಾತ್ರ ಬದಲಿಸಲೇಬೇಕು.

ಅಗ್ಗಿಷ್ಟಿಗೆ ಅದರಲ್ಲಿ ಮೊದಲನೆಯದು. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ. ಮಲಗಿದ್ದಲ್ಲೇ ಜೀವ ಹೋಗಬಹುದು. ಬೇಕೆಂದರೆ ಎರೆದ ಮೇಲೆ ಸ್ವಲ್ಪ ಹೊತ್ತು, ಕಿಟಕಿ ತೆರೆದು, ಎಚ್ಚರ ಇರುವವರು ಪಕ್ಕದಲ್ಲಿದ್ದಾಗ ಕಾಸಿಕೊಳ್ಳಿ. ಮಲಗುವಾಗ ಹೊರಗಿಡಿ. ಲೋಬಾನದ ಹೊಗೆ ಕೂಸಿನ ಮೂಗಿಗೆ ಬೇಡ. ಏಪ್ರಿಲ್, ಮೇನಲ್ಲಿ ಬಿಸಿಲು ನಲವತ್ತು ಮುಟ್ಟಿದಾಗ ಯಾವ ಬಾಣಂತಿಗೂ ಕೆಂಡ ಬೇಕಿಲ್ಲ. ಫ್ಯಾನ್ ಹಾಕಿ, ಗಾಳಿ ನೇರ ಮುಖಕ್ಕೆ ಬಡಿಯದ ಹಾಗೆ ಹೊರಸು ಸರಿಸಿದರೆ ಸಾಕು.

ನೀರು ಇನ್ನೊಂದು. "ನೀರು ಕುಡಿದರೆ ಹೊಟ್ಟೆ ಬರುತ್ತದೆ" ಅಂತ ಗುಟುಕು ಲೆಕ್ಕ ಮಾಡಿ ಕೊಡುತ್ತಾರೆ. ಹಾಲು ಆಗುವುದು ನೀರಿನಿಂದಲೇ ಅಲ್ವಾ? ಬಾಣಂತಿಯ ರಕ್ತ ಬೇರೆಯವರಿಗಿಂತ ಬೇಗ ಹೆಪ್ಪುಗಟ್ಟುವ ಗುಣದ್ದು. ನೀರು ಕಡಿಮೆಯಾಗಿ, ಮಲಗಿದಲ್ಲೇ ಇದ್ದರೆ ಕಾಲಿನಲ್ಲೋ ಮಿದುಳಿನಲ್ಲೋ ಹೆಪ್ಪು ಕೂರುವ ಅಪಾಯ ಜಾಸ್ತಿ. ಪ್ರತಿ ಸಲ ಕುಡಿಸುವಾಗಲೂ ಒಂದು ಲೋಟ ಕಾಯಿಸಿ ಆರಿಸಿದ ನೀರು ಪಕ್ಕದಲ್ಲಿರಲಿ. ಮೊದಲ ದಿನಗಳಿಂದಲೇ ಎದ್ದು ಮನೆಯೊಳಗೆ ಓಡಾಡಲಿ.

ಮೊಸರು ಬೇಡ, ಬಾಳೆಹಣ್ಣು ಬೇಡ, ಬೇಳೆ ಬೇಡ ಅಂತ ಪಟ್ಟಿ ಉದ್ದವಾದಷ್ಟೂ ಬಾಣಂತಿ ಸೊರಗುತ್ತಾಳೆ. ಹೆರಿಗೆಯ ನಂತರ ಆರು ತಿಂಗಳು ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆ ತಗೊಳ್ಳಬೇಕು. ಎರಡನ್ನೂ ಒಟ್ಟಿಗೆ ನುಂಗಬೇಡಿ, ಒಂದು ಬೆಳಿಗ್ಗೆ, ಒಂದು ರಾತ್ರಿ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ಏರುಪೇರಾದರೂ ಸುಸ್ತು, ಬೇಸರ, ಸಿಟ್ಟು ಬರುತ್ತದೆ. ಆರು ವಾರಕ್ಕೆ ಡಾಕ್ಟರ ಹತ್ತಿರ ಹೋದಾಗ ಎರಡನ್ನೂ ಪರೀಕ್ಷೆ ಮಾಡಿಸಲು ಕೇಳಿ.

ಹಂತ 5: ಬಂದು ಹೋಗುವವರು

ಕೂಸು ನೋಡಲು ಬರುವವರನ್ನು ತಡೆಯಲು ನಮ್ಮ ಕಡೆ ಆಗದು. ಹೊತ್ತು ಗೊತ್ತು ಮಾಡಬಹುದು. ಸಂಜೆ ಐದರಿಂದ ಆರೂವರೆ ಅಂತ ಅಪ್ಪನ ಬಾಯಿಂದ ಹೇಳಿಸಿ. ಅಪ್ಪ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅವ್ವ ಹೇಳಿದರೆ ಸೊಕ್ಕು ಅನ್ನುತ್ತಾರೆ. ಅನ್ಯಾಯ ಅನಿಸಿದರೂ ಈ ಮೂರು ತಿಂಗಳ ಮಟ್ಟಿಗೆ ಬಳಸಿಕೊಳ್ಳಿ.

ಮಾತುಗಳದ್ದೇ ತೊಂದರೆ. "ಹೆಣ್ಣೇನು? ಇರಲಿ ಬಿಡು, ಲಕ್ಷ್ಮಿ ಬಂದಾಳ." ಆ "ಇರಲಿ ಬಿಡು" ಎದೆಗೆ ಚುಚ್ಚುತ್ತದೆ. "ಕಪ್ಪ ಆಗೇತಿ." "ಸಿಜೇರಿಯನ್ ಆತೇನು? ಹಂಗಾದ್ರ ಆರಾಮ ಹಡದೀ." ಇಂಥ ಮಾತಿಗೆ ಬಾಣಂತಿ ಉತ್ತರ ಕೊಡಬೇಕಾಗಿಲ್ಲ. ಪಕ್ಕದಲ್ಲಿ ಕೂತವರು ಕೊಡಬೇಕು. ನನ್ನ ತಂಗಿಯ ಅತ್ತಿ ಒಬ್ಬರಿಗೆ ಹೇಳಿದ್ದು ಈಗಲೂ ನೆನಪಿದೆ: "ನಮ್ಮ ಮನಿಗೆ ಬೇಕಾದದ್ದ ಹುಟ್ಟೈತಿ ತಗೋರಿ. ಚಾ ಕುಡೀರಿ, ಆರತಾವ."

ತೊಟ್ಟಿಲ ಕಾರ್ಯದ ದಿನ ತಾಯಿಯನ್ನು ರೇಷ್ಮೆ ಸೀರೆಯಲ್ಲಿ ಮೂರು ತಾಸು ಕುರ್ಚಿಯಲ್ಲಿ ಕೂರಿಸುತ್ತಾರೆ. ಅರ್ಧ ತಾಸು ಸಾಕು. ಹೆಸರಿಟ್ಟು, ಜೋಗುಳ ಹಾಡಿದ ಮೇಲೆ ಅವಳನ್ನು ಒಳಗೆ ಕಳಿಸಿ. ಕುಂಚಿಗೆ, ಬಟ್ಟೆಯ ಕಾಣಿಕೆಯನ್ನು ಯಾರಾದರೂ ಇಸಿದುಕೊಳ್ಳಬಹುದು.

ಹಂತ 6: ಕೂಸು ಅಳು ನಿಲ್ಲಿಸದಿದ್ದರೆ

ಹುಟ್ಟಿದ ಎರಡನೇ ವಾರದಿಂದ ಅಳು ಏರುತ್ತಾ ಹೋಗಿ ಆರನೇ ವಾರದ ಹೊತ್ತಿಗೆ ತುದಿ ಮುಟ್ಟುತ್ತದೆ. ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಸಂಜೆ ಹೊತ್ತು ಜಾಸ್ತಿ. ಎಲ್ಲ ಮಾಡಿದರೂ ಅಳುವ ಕೂಸು ನಿಮ್ಮ ತಪ್ಪಿನಿಂದ ಅಳುತ್ತಿಲ್ಲ.

ಹಾಲು, ಬಟ್ಟೆ, ಸೆಕೆ, ತೇಗು ನೋಡಿ. ಜ್ವರ ಇದೆಯಾ ನೋಡಿ. ಎಲ್ಲ ಸರಿ ಇದ್ದೂ ಅಳುತ್ತಿದ್ದರೆ, ನಿಮ್ಮ ಕೈ ನಡುಗುತ್ತಿದ್ದರೆ, ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಹೊರಗೆ ಬನ್ನಿ. ಹತ್ತು ನಿಮಿಷ ಮಾಳಿಗೆ ಮೇಲೋ ಅಂಗಳದಲ್ಲೋ ನಿಲ್ಲಿ. ಮೂಗಿನಿಂದ ನಿಧಾನ ಉಸಿರು ಎಳೆದು, ಎಳೆದದ್ದಕ್ಕಿಂತ ಉದ್ದವಾಗಿ ಬಿಡಿ. ಹತ್ತು ಸಲ. ಕೂಸು ಹತ್ತು ನಿಮಿಷ ಅತ್ತರೆ ಏನೂ ಆಗದು. ಸಿಟ್ಟಿನಲ್ಲಿ ಅಲುಗಾಡಿಸಿದರೆ ಮಿದುಳಿಗೆ ಪೆಟ್ಟಾಗುತ್ತದೆ. ಯಾವತ್ತೂ ಜೋರಾಗಿ ಅಲುಗಾಡಿಸಬೇಡಿ.

ಮೊಬೈಲಿನ ಮಾತೂ ಒಂದಿದೆ. ರಾತ್ರಿ ಕುಡಿಸುತ್ತಾ ರೀಲ್ಸ್ ನೋಡುವುದು ನನಗೂ ಅಭ್ಯಾಸವಿತ್ತು. ಅದರಲ್ಲಿ ಬರುವ ತಾಯಂದಿರು ತಲೆ ಬಾಚಿಕೊಂಡಿರುತ್ತಾರೆ. ನೋಡಿ ನೋಡಿ ಇನ್ನೂ ಕುಗ್ಗಿದೆ. ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಡಿ.

ಹಂತ 7: ಎರಡು ವಾರಕ್ಕೊಮ್ಮೆ ಪರೀಕ್ಷೆ ಮಾಡಿಕೊಳ್ಳಿ

ಬಾಣಂತಿಯರ ಖಿನ್ನತೆ ಗುರುತಿಸಲು 1987ರಲ್ಲಿ ಬಂದ ಎಡಿನ್‌ಬರೋ ಪ್ರಶ್ನಾವಳಿ ಅಂತ ಒಂದಿದೆ. ಕಳೆದ ಏಳು ದಿನ ಹೇಗಿದ್ದಿರಿ ಅಂತ ಹತ್ತು ಪ್ರಶ್ನೆ ಕೇಳುತ್ತದೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 30. ಕನ್ನಡದಲ್ಲೂ ಇದೆ, ಡಾಕ್ಟರನ್ನು ಕೇಳಿದರೆ ಕೊಡುತ್ತಾರೆ. ಸಾಮಾನ್ಯವಾಗಿ 13 ಅಥವಾ ಹೆಚ್ಚು ಬಂದರೆ ಮನೋವೈದ್ಯರನ್ನು ಕಾಣಲು ಹೇಳುತ್ತಾರೆ. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ "ಎಂದೂ ಇಲ್ಲ" ಬಿಟ್ಟು ಬೇರೆ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ಡಾಕ್ಟರನ್ನು ಕಾಣಬೇಕು.

ಪ್ರಶ್ನಾವಳಿ ಸಿಗದಿದ್ದರೆ ಇಷ್ಟು ಗಮನಿಸಿ. ಎರಡು ವಾರ ದಾಟಿಯೂ ದಿನವೆಲ್ಲ ಬೇಸರವಾ? ಕೂಸು ಮಲಗಿ, ಬೇರೆಯವರು ನೋಡಿಕೊಳ್ಳುತ್ತಿದ್ದರೂ ನಿದ್ದೆ ಬರುತ್ತಿಲ್ಲವಾ? ಕೂಸಿನ ಮೇಲೆ ಏನೂ ಅನಿಸುತ್ತಿಲ್ಲವಾ, ಅಥವಾ ಕೂಸಿಗೆ ಏನೋ ಆಗಿಬಿಡುತ್ತದೆ ಅಂತ ಸದಾ ಹೆದರಿಕೆಯಾ? "ನಾನಿಲ್ಲದಿದ್ದರೆ ಚೆನ್ನಾಗಿತ್ತು" ಅನಿಸುತ್ತಿದೆಯಾ? ಇವುಗಳಲ್ಲಿ ಯಾವುದಕ್ಕಾದರೂ ಹೌದು ಅಂದರೆ ತಡ ಮಾಡಬೇಡಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಇಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಬೆಳಗಾವಿಯಲ್ಲಿ ಬಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ. ಇನ್ನೂ ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ತಾಯಿ ಕೂಸು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಹಾಲು ಕುಡಿಸುವಾಗಲೂ ತಗೊಳ್ಳಬಹುದಾದ ಮಾತ್ರೆಗಳಿವೆ. ಕುಡಿಸುತ್ತಿದ್ದೀರಿ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಅರ್ಧಕ್ಕೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

ಈಗ ಶುರುವಿನಲ್ಲಿ ಹೇಳಿದ ಆ ಮೂರನೆಯ ಕಾಯಿಲೆ. ಹೆರಿಗೆಯಾದ ಮೊದಲ ಎರಡು ವಾರಗಳಲ್ಲೇ ಹೆಚ್ಚಾಗಿ ಬರುತ್ತದೆ. ಎರಡು ಮೂರು ರಾತ್ರಿ ನಿದ್ದೆಯೇ ಇಲ್ಲದೆ ಚುರುಕಾಗಿ ಓಡಾಡುವುದು, ಇಲ್ಲದ ದನಿ ಕೇಳುವುದು, ಕೂಸು ತನ್ನದಲ್ಲ ಅನ್ನುವುದು, ಸಂಬಂಧವಿಲ್ಲದ ಮಾತು. ಹಿರಿಯರು ಬಾಣಂತಿ ಸನ್ನಿ ಅನ್ನುತ್ತಿದ್ದರು. ಗಾಳಿ ಸೋಕಿದೆ ಅಂತ ಅಮಾವಾಸ್ಯೆ ಕಾಯುತ್ತಿದ್ದರು. ಇದು ತುರ್ತು. ಕೂಸಿನ ಜೊತೆ ಅವಳೊಬ್ಬಳನ್ನೇ ಬಿಡಬೇಡಿ, 108 ಕರೆದು ಆಸ್ಪತ್ರೆಗೆ ಹೋಗಿ. ಗುಡಿಗೆ ಆಮೇಲೆ ಹೋಗಿ ಕಾಯಿ ಒಡೆಸಿದರೆ ದೇವರೇನೂ ಮುನಿಯುವುದಿಲ್ಲ. ಜ್ವರ, ಜೋರು ರಕ್ತಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಒಂದೇ ಕಾಲು ಬಾತು ನೋಯುವುದು, ಉಸಿರಾಟದ ತೊಂದರೆ ಕಂಡರೂ ಹಾಗೆಯೇ ಓಡಿ.

ಹಂತ 8: ಗಂಡ, ಮತ್ತು ಗಂಡನ ಮನೆಗೆ ಮರಳುವ ದಿನ

ತವರಿನ ಬಾಣಂತನದಲ್ಲಿ ಗಂಡ ಅತಿಥಿ. ಭಾನುವಾರ ಬರುತ್ತಾನೆ, ಕೂಸನ್ನು ಐದು ನಿಮಿಷ ಎತ್ತಿಕೊಳ್ಳುತ್ತಾನೆ, ಉಂಡು ಹೋಗುತ್ತಾನೆ. ನನ್ನವರು ವಿಜಯಪುರದಿಂದ ಕೃಷ್ಣೆ ದಾಟಿ ಬೈಕಿನಲ್ಲಿ ಬರುತ್ತಿದ್ದರು. ಬಂದಾಗ ಮಾವನ ಮನೆಯಲ್ಲಿ ಕೂಸಿನ ಬಟ್ಟೆ ಬದಲಿಸಲು ನಾಚಿಕೆ. ಮೂರನೇ ಭಾನುವಾರ ನಾನೇ ಬಾಗಿಲು ಹಾಕಿ ಕಲಿಸಿದೆ. ಗಂಡ ಕಲಿಯಬೇಕಾದ್ದು ಜಾಸ್ತಿ ಇಲ್ಲ. ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಹೆಗಲ ಮೇಲೆ ಮಲಗಿಸುವುದು. ಫೋನಿನಲ್ಲಿ "ಕೂಸು ಹೆಂಗೈತಿ?" ಅನ್ನುವ ಮೊದಲು "ನೀ ಎಷ್ಟು ತಾಸು ಮಲಗಿದಿ?" ಅಂತ ಕೇಳುವುದು. ಅವಳು ಅತ್ತರೆ ಸಮಾಧಾನ ಹೇಳಲು ಅವಸರ ಮಾಡದೆ ಕೇಳಿಸಿಕೊಳ್ಳುವುದು.

ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ಕೂಸಿನ ಜೊತೆ ಗಂಡನ ಮನೆಗೆ ಹೋಗುವುದು ಎರಡನೇ ಹೆರಿಗೆ ಇದ್ದ ಹಾಗೆ. ತವರಲ್ಲಿ ಉಂಡ ತಾಟು ಎತ್ತಿರುವುದಿಲ್ಲ. ಇಲ್ಲಿ ಮಾರನೇ ದಿನದಿಂದ ರೊಟ್ಟಿ ಬಡಿಯಬೇಕು. ಹೋಗುವ ಎರಡು ವಾರ ಮುಂಚೆ ಗಂಡ ತನ್ನ ಅವ್ವನ ಜೊತೆ ಕೂತು ಮಾತಾಡಲಿ: ಅಡುಗೆ ಯಾರು, ಬಟ್ಟೆ ಯಾರು, ರಾತ್ರಿ ಯಾರು. ಸೊಸೆ ಕೇಳಿದರೆ ದೂರು ಆಗುತ್ತದೆ, ಮಗ ಕೇಳಿದರೆ ಏರ್ಪಾಡು ಆಗುತ್ತದೆ. ಮೊದಲ ವಾರ ಸಾಧ್ಯವಾದರೆ ಅವ್ವನೋ ತಂಗಿಯೋ ಜೊತೆಗೆ ಹೋಗಲಿ.

ಕೆಲಸಕ್ಕೆ ಹೋಗುವವರಿಗೆ ಒಂದು ಮಾತು. ಹೆರಿಗೆ ರಜೆಯ ಕಾನೂನಿನಂತೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. ಮರಳಿ ಹೋದ ಮೇಲೂ ಕೂಸಿಗೆ 15 ತಿಂಗಳಾಗುವ ತನಕ ಹಾಲು ಕುಡಿಸಲು ದಿನಕ್ಕೆ ಎರಡು ಬಿಡುವು ಕೇಳುವ ಹಕ್ಕಿದೆ.

ನನ್ನ ತಂಗಿ ಗಂಡನ ಮನೆಗೆ ಹೊರಟಾಗ ತೊಟ್ಟಿಲು, ಕೌದಿ, ಗುಳಿಗೆ ಚೀಟಿಯ ಜೊತೆ ಆ ಪಾಳಿಯ ಹಾಳೆಯನ್ನೂ ಇಟ್ಟುಕೊಂಡಿದ್ದಳು. ಅತ್ತೆಗೆ ತೋರಿಸಲು ಹೆದರಿಕೆ. ನಾಲ್ಕು ದಿನ ಚೀಲದಲ್ಲೇ ಇತ್ತಂತೆ. ಐದನೇ ದಿನ ಅವಳ ಗಂಡ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ. ಅತ್ತಿ ಚಷ್ಮಾ ಹಾಕಿಕೊಂಡು ಪೂರ್ತಿ ಓದಿದರಂತೆ. ಆಮೇಲೆ ಪೆನ್ನು ಕೇಳಿ ಇಸಿದುಕೊಂಡು, "ಮುಂಜಾನಿ ನಾಕರದ್ದು ನನಗ ಬರಿ. ಹೆಂಗೂ ನಿದ್ದಿ ಬರಂಗಿಲ್ಲ ನನಗ" ಅಂದರಂತೆ.